ಹಳೇ ವ್ಯಾನಿಗೆ ಹೊಸ ಟಾಯರು: ಹಿಡಿತ ಎಷ್ಟು, ಸುಖ ಎಷ್ಟು?

ಹತ್ತು ಹದಿನೈದು ವರ್ಷ ದುಡಿದ ಗಾಡಿಗೆ ಹೊಸ ಟಾಯರು ಹಾಕಿಸುವುದೆಂದರೆ ಮುದಿ ಎತ್ತಿಗೆ ಕೋಡಣಸು ತೊಡಿಸಿದ ಹಾಗೆ ಎಂದು ನಮ್ಮ ಕಡೆ ಬಹಳ ಜನ ತಿಳಿದಾರ. ನನಗೆ ಅದು ಎತ್ತಿಗೆ ನಾಲು ಬಡಿಸಿದ ಹಾಗೆ ಕಾಣುತ್ತದೆ. ಎತ್ತು ಹಳೇದಾದರೂ ಸರಿ, ಹೊಸದಾದರೂ ಸರಿ, ನಾಲು ಸವೆದಿದ್ದರೆ ಕಲ್ಲಿನ ಮೇಲೆ ಜಾರಿ ಮೊಳಕಾಲು ಊರುತ್ತದೆ. ಗಾಡಿಯದೂ ಇದೇ ಕತೆ.

ನಮ್ಮ ಹಿರೇಬೆಂಡಿಗೇರಿಯಲ್ಲಿ ಚಕ್ಕಡಿಗಳು ಕಡಿಮೆಯಾಗುತ್ತ ಬಂದು, ಆ ಜಾಗಕ್ಕೆ ಟ್ರ್ಯಾಕ್ಟರ್ ಮತ್ತು ಹಳೇ ವ್ಯಾನು ಬಂದಿವೆ. ಅದರಲ್ಲೂ ಓಮ್ನಿ. ಶಿಗ್ಗಾಂವಿ ಸಂತೆಗೆ ಕಾಯಿಪಲ್ಲೆ ಒಯ್ಯಲಿಕ್ಕೆ, ಗೊಬ್ಬರದ ಚೀಲ ತರಲಿಕ್ಕೆ, ರಾತ್ರಿ ಹೊತ್ತು ಹೆರಿಗೆಗೆ ದವಾಖಾನೆಗೆ ಒಯ್ಯಲಿಕ್ಕೆ ಎಲ್ಲಾದಕ್ಕೂ ಅದೇ. ಈ ಗಾಡಿ 1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಿನಲ್ಲಿ ಬಂತು. 2019ರಲ್ಲಿ ಇದನ್ನು ತಯಾರು ಮಾಡುವುದನ್ನೇ ನಿಲ್ಲಿಸಿದರು. ಹಂಗಾಗಿ ಊರಾಗ ಇರೋ ಓಮ್ನಿ ಎಲ್ಲಾ ಹಳೇವೇ. ಇಂಜಿನ್ನಿಗೆ ಆಯಿಲ್ ಬದಲಿ ಮಾಡುತ್ತೇವೆ, ಬ್ರೇಕು ನೋಡಿಸುತ್ತೇವೆ, ಸೀಟಿಗೆ ಹೊಸ ಕವರು ಹಾಕಿಸುತ್ತೇವೆ. ಟಾಯರು ಮಾತ್ರ ತಂತಿ ಹೊರಗೆ ಕಾಣೋತನಕ ಓಡಿಸುತ್ತೇವೆ. ಕಾರಣ ರೊಕ್ಕ. ನಾಲ್ಕು ಟಾಯರಿನ ರೊಕ್ಕದಾಗ ಒಂದೆರಡು ಎಕರೆ ಹತ್ತಿಗೆ ಬೀಜ, ಗೊಬ್ಬರ ಬರ್ತಾವ. ಇದು ಸಣ್ಣ ಮಾತಲ್ಲ. ಆದ್ದರಿಂದಲೇ ಆ ರೊಕ್ಕಕ್ಕೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎನ್ನುವುದನ್ನು ಲೆಕ್ಕ ಹಾಕಿ ಬರೆಯುತ್ತಿದ್ದೇನೆ.

ನೆಲಕ್ಕೆ ತಾಗುವುದು ಒಂದು ಕೈಯಷ್ಟು

ಗಾಡಿ ಎಷ್ಟೇ ದೊಡ್ಡದಿದ್ದರೂ ನೆಲ ಮುಟ್ಟುವುದು ನಾಲ್ಕು ತುಂಡು ರಬ್ಬರು ಮಾತ್ರ. ಲೆಕ್ಕ ಸುಲಭ ಐತಿ. ಗಾಡಿ ಮತ್ತು ಅದರೊಳಗಿನ ಭಾರ ಸೇರಿ 1,000 ಕಿಲೋ ಎಂದು ಹಿಡಿಯಿರಿ. ಒಂದು ಗಾಲಿಯ ಪಾಲಿಗೆ 250 ಕಿಲೋ. ಹವಾ 30 ಪೌಂಡ್ ಇದ್ದರೆ ಚದರ ಸೆಂಟಿಮೀಟರಿಗೆ ಸುಮಾರು 2 ಕಿಲೋ ಒತ್ತಡ. 250ನ್ನು 2ರಿಂದ ಭಾಗಿಸಿದರೆ 125 ಚದರ ಸೆಂಟಿಮೀಟರು. ಬೆರಳು ಸಮೇತ ಒಂದು ಕೈ ಊರಿದಷ್ಟು ಜಾಗ. ಗಾಡಿ ತಿರುಗುವುದು, ನಿಲ್ಲುವುದು, ಮುಂದೆ ಹೋಗುವುದು ಎಲ್ಲಾ ಈ ನಾಲ್ಕು ಕೈಗಳ ಮೇಲೆ. ಬ್ರೇಕು ಗಾಲಿಯನ್ನು ಹಿಡಿದು ನಿಲ್ಲಿಸಬಲ್ಲುದೇ ಹೊರತು ಗಾಡಿಯನ್ನು ನಿಲ್ಲಿಸಲಾರದು. ಗಾಡಿಯನ್ನು ನಿಲ್ಲಿಸುವುದು ಟಾಯರಿಗೂ ರಸ್ತೆಗೂ ಇರುವ ಹಿಡಿತ.

ಒಣ ಡಾಂಬರಿನ ಮೇಲೆ ಬೋಳು ಟಾಯರೂ ಚೆನ್ನಾಗಿಯೇ ಹಿಡಿಯುತ್ತದೆ. ಮೋಸ ಇರೋದು ಇಲ್ಲೇ. ಎಂಟು ತಿಂಗಳು ಒಣ ರಸ್ತೆಯಲ್ಲಿ ಓಡಿಸಿದವನಿಗೆ ಟಾಯರು ಸವೆದಿದ್ದು ಗೊತ್ತೇ ಆಗೋದಿಲ್ಲ. ಮಿರಗ ಮಳೆ ಬಿದ್ದ ಮೇಲೆ ಗೊತ್ತಾಗುತ್ತದೆ.

ಟಾಯರಿನ ಮೇಲಿನ ಚಡಿಗಳು ಹೊಲದ ಬಸಿಗಾಲುವೆ ಇದ್ದ ಹಾಗೆ. ರಸ್ತೆ ಮೇಲಿನ ನೀರನ್ನು ಪಕ್ಕಕ್ಕೆ ಹಾಯಿಸಿ, ರಬ್ಬರು ಡಾಂಬರನ್ನು ಮುಟ್ಟುವಂತೆ ಮಾಡುವುದೇ ಅವುಗಳ ಕೆಲಸ. ಟಾಯರಿನ ನೆಲ ಮುಟ್ಟುವ ಅಗಲ 100 ಮಿ.ಮೀ., ರಸ್ತೆ ಮೇಲೆ ನಿಂತ ನೀರು 3 ಮಿ.ಮೀ., ವೇಗ ಗಂಟೆಗೆ 60 ಕಿ.ಮೀ. ಇದ್ದರೆ, ಒಂದು ಟಾಯರು ಸೆಕೆಂಡಿಗೆ 5 ಲೀಟರ್ ನೀರನ್ನು ಪಕ್ಕಕ್ಕೆ ತಳ್ಳಬೇಕಾಗುತ್ತದೆ. ಮೂರು ಸೆಕೆಂಡಿಗೆ ಒಂದು ಕೊಡ ನೀರು! ಚಡಿ ತುಂಬಾ ಆಳ ಇದ್ದಾಗ ಇದು ಸಾಧ್ಯ. ಸವೆದು ಹೋದಾಗ ನೀರಿಗೆ ದಾರಿ ಇರುವುದಿಲ್ಲ, ಟಾಯರು ನೀರಿನ ಮೇಲೆ ತೇಲುತ್ತದೆ. ತೇಲಿದ ಮೇಲೆ ಸ್ಟೇರಿಂಗ್ ತಿರುವಿದರೂ ಅಷ್ಟೇ, ಬ್ರೇಕ್ ಒತ್ತಿದರೂ ಅಷ್ಟೇ.

ಹೊಸ ಕಾರಿನ ಟಾಯರಿನಲ್ಲಿ ಚಡಿ ಸುಮಾರು 7-8 ಮಿ.ಮೀ. ಆಳ ಇರುತ್ತದೆ. ನಮ್ಮ ದೇಶದ ಮೋಟಾರು ವಾಹನ ನಿಯಮದ ಪ್ರಕಾರ ಕಾರು, ವ್ಯಾನಿಗೆ 1.6 ಮಿ.ಮೀ.ಗಿಂತ ಕಡಿಮೆ ಇರಬಾರದು, ಬೈಕಿಗೆ 0.8 ಮಿ.ಮೀ. ಅಳತೆ ಪಟ್ಟಿ ಬೇಕಿಲ್ಲ. ಟಾಯರಿನ ಮಗ್ಗುಲಿಗೆ ಸಣ್ಣ ತ್ರಿಕೋನವೋ ಟಿ.ಡಬ್ಲ್ಯು.ಐ. ಎಂಬ ಅಕ್ಷರವೋ ಇರುತ್ತದೆ. ಅದರ ನೇರಕ್ಕೆ ಚಡಿಯೊಳಗೆ ನೋಡಿದರೆ ಸಣ್ಣ ದಿಬ್ಬ ಕಾಣುತ್ತದೆ, ಹೊಲದ ಸಾಲಿನೊಳಗೆ ಅಡ್ಡ ಒಡ್ಡು ಹಾಕಿದಂತೆ. ಮೇಲಿನ ರಬ್ಬರು ಸವೆದು ಆ ದಿಬ್ಬಕ್ಕೆ ಸಮ ಆಯಿತೆಂದರೆ ಟಾಯರಿನ ಆಯುಷ್ಯ ಮುಗೀತು. ಮಳೆಗಾಲದಲ್ಲಿ ಅಲ್ಲಿಯತನಕ ಕಾಯುವುದೂ ಬೇಡ ಎನ್ನುವುದು ನನ್ನ ಅಭಿಪ್ರಾಯ. 3 ಮಿ.ಮೀ. ಉಳಿದಾಗಲೇ ನೀರಿನಲ್ಲಿ ಹಿಡಿತ ಸಾಕಷ್ಟು ಇಳಿದಿರುತ್ತದೆ.

ಹೆಜ್ಜೆ ಹಾಕಿ ಅಳೆದದ್ದು

ನಮ್ಮ ಮನೆಯ ಓಮ್ನಿಯನ್ನು ಓಡಿಸುವವನು ನನ್ನ ತಮ್ಮನ ಮಗ. ಹೋದ ಹಸ್ತ ಮಳೆಯಲ್ಲಿ ಕೆರೆ ಏರಿಯ ತಿರುವಿನಲ್ಲಿ ಗಾಡಿಯ ಹಿಂಭಾಗ ಒಮ್ಮೆಗೇ ಪಕ್ಕಕ್ಕೆ ಎಳೆಯಿತು. ಒಳಗೆ ನಾಲ್ಕು ಚೀಲ ಹೆಸರು, ನನ್ನ ಮನೆಯವಳು, ಇನ್ನೊಂದು ಮಗು. ವೇಗ ಬಹಳ ಏನಿರಲಿಲ್ಲ. ಹಿಂದಿನ ಗಾಲಿ ಏರಿಯ ಅಂಚಿನ ಕಲ್ಲಿಗೆ ತಾಗಿ ನಿಂತಿತು. ಆ ಕಲ್ಲು ಇಲ್ಲದಿದ್ದರೆ ಕೆಳಗೆ ನೀರು. ಹುಡುಗ ಇಳಿದು ಬಂದು, “ದೊಡ್ಡಪ್ಪಾ, ಬ್ರೇಕ್ ಚಲೋ ಅದಾವ, ಗಾಲಿ ನಿಂತ್ರೂ ಗಾಡಿ ನಿಲ್ಲವಲ್ದು” ಎಂದ. ನಾಲ್ಕೂ ಟಾಯರು ಬಗ್ಗಿ ನೋಡಿದೆವು. ಮುಂದಿನವು ಪರವಾಗಿಲ್ಲ, ಹಿಂದಿನವು ದಿಬ್ಬಕ್ಕೆ ಸಮ ಆಗಿದ್ದವು.

ಟಾಯರು ಬದಲಿ ಮಾಡುವ ಮೊದಲು, ಮಾಡಿದ ಮೇಲೆ, ಎರಡೂ ಸಲ ನಾವು ಒಂದು ಪರೀಕ್ಷೆ ಮಾಡಿದೆವು. ಬೀಜದ ತಳಿ ಹೋಲಿಸುವಾಗ ಒಂದೇ ಹೊಲ, ಒಂದೇ ಗೊಬ್ಬರ ಇರಬೇಕಲ್ಲ, ಹಂಗೇ ಒಂದೇ ರಸ್ತೆ, ಒಂದೇ ಭಾರ, ಒಂದೇ ಡ್ರೈವರ್. ಬೆಳಗಿನ ಜಾವ ಯಾರೂ ಓಡಾಡದ ಹೊತ್ತಿನಲ್ಲಿ ನೇರ ಡಾಂಬರು ರಸ್ತೆಯಲ್ಲಿ ಸುಣ್ಣದ ಗೆರೆ ಹಾಕಿ, 40 ಕಿ.ಮೀ. ವೇಗದಲ್ಲಿ ಬಂದು ಗೆರೆ ದಾಟುವಾಗ ಬ್ರೇಕು ಒತ್ತುವುದು. ನಿಂತ ಜಾಗದವರೆಗೆ ನಾನು ಹೆಜ್ಜೆ ಹಾಕಿ ಎಣಿಸುವುದು. ಒಣ ರಸ್ತೆಯಲ್ಲಿ ಹಳೇ ಟಾಯರಿಗೆ 11 ಹೆಜ್ಜೆ, ಹೊಸದಕ್ಕೂ 11. ಮಳೆ ಬಿದ್ದ ರಸ್ತೆಯಲ್ಲಿ ಹಳೇದಕ್ಕೆ 18 ಹೆಜ್ಜೆ, ಹೊಸದಕ್ಕೆ 13. ಐದು ಹೆಜ್ಜೆ ಅಂತರ. ರಸ್ತೆಗೆ ಅಡ್ಡ ಬಂದ ಕರುವಿಗೂ ಗಾಡಿಗೂ ನಡುವೆ ಐದು ಹೆಜ್ಜೆ ಎಂದರೆ ಏನೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಅದೂ 40ರ ವೇಗದಲ್ಲಿ. ವೇಗ ಎರಡು ಪಟ್ಟಾದರೆ ನಿಲ್ಲುವ ದೂರ ನಾಲ್ಕು ಪಟ್ಟು ಆಗುತ್ತದೆ. ಪುಣೆ-ಬೆಂಗಳೂರು ಹೆದ್ದಾರಿಗೆ ಹತ್ತಿ 80ರಲ್ಲಿ ಹೋಗುವವರು ಈ ಐದನ್ನು ನಾಲ್ಕರಿಂದ ಗುಣಿಸಿಕೊಳ್ಳಬೇಕು.

ಹೊಸ ಟಾಯರು ಹಾಕಿಸಿದ ದಿನವೇ ಈ ಪರೀಕ್ಷೆಗೆ ಇಳಿಯಬೇಡಿ. ಅಚ್ಚಿನಿಂದ ಬಿಡಿಸಲಿಕ್ಕೆ ಹಚ್ಚಿದ ಜಿಡ್ಡು ಮೇಲೆ ಉಳಿದಿರುತ್ತದೆ. ಮೊದಲ 200-300 ಕಿ.ಮೀ. ನಿಧಾನ ಓಡಿಸಿ, ಆ ಮೇಲ್ಪದರು ಸವೆದ ಮೇಲೆ ಪೂರ್ತಿ ಹಿಡಿತ ಬರುತ್ತದೆ. ನಾವು ಎರಡನೆಯ ಪರೀಕ್ಷೆ ಮಾಡಿದ್ದು ಅದಾದ ಮೇಲೆ.

ಎರಡೇ ಟಾಯರಿಗೆ ರೊಕ್ಕ ಇದ್ದರೆ ಹೊಸವನ್ನು ಎಲ್ಲಿ ಹಾಕಿಸಬೇಕು? ಬಹಳ ಜನ ಮುಂದೆ ಅಂತಾರ, ಸ್ಟೇರಿಂಗ್ ಅಲ್ಲೇ ಐತಿ ಅನ್ನುವ ಲೆಕ್ಕದಲ್ಲಿ. ಹಿಂದೆ ಹಾಕಿಸಿರಿ. ಮುಂದಿನ ಗಾಲಿ ಜಾರಿದರೆ ಗಾಡಿ ನೆಟ್ಟಗೆ ಹೋಗುತ್ತದೆ, ಕಾಲು ತೆಗೆದರೆ ವೇಗ ಇಳಿದು ಮತ್ತೆ ಹಿಡಿತಕ್ಕೆ ಬರುತ್ತದೆ. ಹಿಂದಿನದು ಜಾರಿದರೆ ಗಾಡಿ ಬುಗುರಿ ತಿರುಗಿದಂತೆ ತಿರುಗುತ್ತದೆ, ನುರಿತವನ ಕೈಗೂ ಸಿಗುವುದಿಲ್ಲ. ಓಮ್ನಿಗೆ ಇಂಜಿನ್ನಿನ ಎಳೆತವೂ ಹಿಂದಿನ ಗಾಲಿಗೇ ಇರುವುದರಿಂದ ಎರಡೂ ರೀತಿಯಿಂದ ಹಿಂದೆಯೇ ಸರಿ. ಆದರೆ ಮುಂದೆ ಬೋಳು ಟಾಯರು ಉಳಿಸಿಕೊಳ್ಳಬಹುದು ಎಂದು ಇದರ ಅರ್ಥ ಮಾಡಿಕೊಳ್ಳಬಾರದು. ಮುಂದಿನವು ಅರ್ಧದಷ್ಟಾದರೂ ಇರಬೇಕು.

ಎರಿ ಮಣ್ಣಿನಲ್ಲಿ ಹೊಸದೂ ಹಳೇದೂ ಒಂದೇ

ಇದನ್ನು ಅಂಗಡಿಯವರು ಹೇಳುವುದಿಲ್ಲ. ಹಸಿ ಎರಿ ಮಣ್ಣು ಅಂಟು. ಕಾರಿನ ಟಾಯರಿನ ಸಣ್ಣ ಚಡಿ ಹತ್ತು ಮಾರು ಹೋಗುವುದರೊಳಗೆ ಮಣ್ಣಿನಿಂದ ತುಂಬಿ ಹೊಸ ಟಾಯರೂ ಬೋಳು ಆಗುತ್ತದೆ. ಟ್ರ್ಯಾಕ್ಟರಿನ ಹಿಂದಿನ ಟಾಯರು ನೋಡ್ರಿ. ಬಾಣದ ಆಕಾರದ ದಪ್ಪ ಕಟ್ಟೆಗಳು, ನಡುವೆ ಅಗಲ ಜಾಗ. ಗಾಲಿ ತಿರುಗಿದಂತೆ ಮಣ್ಣು ತಾನೇ ಉದುರಿ ಹೊರಬೀಳುವ ಹಾಗೆ ಮಾಡಿದ್ದು ಅದು. ಬಾಣದ ದಿಕ್ಕು ತಿರುವುಮುರುವು ಕೂಡಿಸಿದರೆ ಟ್ರ್ಯಾಕ್ಟರೂ ಕೆಸರಿನಲ್ಲಿ ಕೂರುತ್ತದೆ. ಆದ್ದರಿಂದ ಹೊಸ ಟಾಯರು ಹಾಕಿಸಿದ್ದೇನೆಂದು ಮಳೆಗಾಲದಲ್ಲಿ ವ್ಯಾನನ್ನು ಹೊಲದ ದಾರಿಗೆ ಇಳಿಸಬೇಡಿ. ಗರಸು ರಸ್ತೆಯ ತುದಿಯಲ್ಲಿ ನಿಲ್ಲಿಸಿ, ಚೀಲ ಚಕ್ಕಡಿಯಲ್ಲಿ ತರುವುದು ಉತ್ತಮ. ಹವಾ ಅರ್ಧ ಇಳಿಸಿದರೆ ಟಾಯರು ಅಗಲವಾಗಿ ಹರಡಿ ಕೆಸರಿನಿಂದ ಹೊರಗೆ ಬರುವುದುಂಟು. ಆದರೆ ಹಾಗೇ ಡಾಂಬರಿಗೆ ಹತ್ತಿದರೆ ಮಗ್ಗುಲು ಕಾದು ಟಾಯರು ಒಡೆಯುತ್ತದೆ. ಕೈಪಂಪು ಜೊತೆಗಿದ್ದವರಿಗೆ ಮಾತ್ರ ಆ ಉಪಾಯ.

ಕುಲುಕಾಟದ ವಿಚಾರ

ನಮ್ಮ ಅಪ್ಪನ ಕಾಲದ ಚಕ್ಕಡಿಗೆ ಕಟ್ಟಿಗೆ ಗಾಲಿ, ಕಬ್ಬಿಣದ ಹಳಿ. ಕಲ್ಲಿನ ಮೇಲೆ ಹೋದರೆ ಹಲ್ಲು ಕಟಕಟ ಅನ್ನುತ್ತಿದ್ದವು, ಮಣ್ಣಿನಲ್ಲಿ ಹಳಿ ಕತ್ತಿಯಂತೆ ಇಳಿಯುತ್ತಿತ್ತು. ಟಾಯರಿನ ಚಕ್ಕಡಿ ಬಂದ ಮೇಲೆ ಅದೇ ಜೋಡೆತ್ತು ಹೆಚ್ಚು ಭಾರ ಎಳೆಯತೊಡಗಿತು. ಹವಾ ತುಂಬಿದ ಟಾಯರನ್ನು ಬಳಕೆಗೆ ತಂದ ಡನ್ಲಪ್ ಎಂಬಾತ ದನದ ಡಾಕ್ಟರು ಎನ್ನುವುದು ನಮಗೆ ಸಂತೋಷದ ವಿಷಯ. ಬೆಲ್‌ಫಾಸ್ಟ್ ಊರಿನಲ್ಲಿದ್ದ ಆತ, ಕಲ್ಲು ರಸ್ತೆಯಲ್ಲಿ ಕುಲುಕಾಡುತ್ತಿದ್ದ ಮಗನ ಮೂರು ಗಾಲಿ ಸೈಕಲ್ಲಿಗೆ ರಬ್ಬರು ಕೊಳವೆ ಸುತ್ತಿ ಹವಾ ತುಂಬಿದ, 1888ರಲ್ಲಿ ಪೇಟೆಂಟ್ ಪಡೆದ. ಅದಕ್ಕೂ ಮೊದಲು 1845ರಲ್ಲಿ ಥಾಮ್ಸನ್ ಎಂಬಾತ ಇದೇ ವಿಚಾರಕ್ಕೆ ಪೇಟೆಂಟ್ ಪಡೆದಿದ್ದ, ಆದರೆ ಅದು ಬಳಕೆಗೆ ಹತ್ತಲಿಲ್ಲ. ಅಂದರೆ ಟಾಯರು ಹುಟ್ಟಿದ್ದೇ ಸುಖಕ್ಕಾಗಿ. ಹಿಡಿತದ ಮಾತು ಆಮೇಲೆ ಬಂದದ್ದು.

ಹೊಸ ಟಾಯರು ಹಾಕಿಸಿದ ದಿನ ಗಾಡಿಯೊಳಗೆ ಸದ್ದು ಇಳಿಯುತ್ತದೆ, ಗುಂಡಿಯ ಪೆಟ್ಟು ಮೆತ್ತಗಾಗುತ್ತದೆ. ಕಾರಣ ರಬ್ಬರಿನ ವಯಸ್ಸು. ರಬ್ಬರು ಬಿಸಿಲಿಗೆ, ಗಾಳಿಗೆ ಒಣಗಿ ಬಿರುಸಾಗುತ್ತದೆ, ಹಳೇ ಚಪ್ಪಲಿಯ ಅಟ್ಟೆ ಬಿರುಸಾದ ಹಾಗೆ. ಬಿರುಸಾದದ್ದು ಬಾಗುವುದಿಲ್ಲ, ಪೆಟ್ಟನ್ನೆಲ್ಲ ಮೇಲಕ್ಕೆ ಕಳಿಸುತ್ತದೆ. ಡಾಂಬರಿನ ಸಣ್ಣ ಸಣ್ಣ ಹರಳಿನ ನಡುವೆ ಒತ್ತಿ ಹಿಡಿಯುವ ಗುಣವನ್ನೂ ಕಳೆದುಕೊಳ್ಳುತ್ತದೆ.

ನಮ್ಮಂಥವರು ಮುಖ್ಯವಾಗಿ ಗಮನಿಸಬೇಕಾದ್ದು ಇದು. ಪಟ್ಟಣದ ಗಾಡಿಗಳ ಟಾಯರು ಓಡಿ ಸವೆಯುತ್ತವೆ. ರೈತರ ಗಾಡಿ ವರ್ಷಕ್ಕೆ ನಾಲ್ಕೈದು ಸಾವಿರ ಕಿ.ಮೀ. ಓಡಿದರೆ ಹೆಚ್ಚು, ಉಳಿದ ದಿನ ಬೇವಿನ ಗಿಡದ ಕೆಳಗೆ ಬಿಸಿಲಲ್ಲಿ ನಿಂತಿರುತ್ತದೆ. ಚಡಿ ಆಳ ಇರುತ್ತದೆ, ರಬ್ಬರು ಸತ್ತಿರುತ್ತದೆ. ಮಗ್ಗುಲಲ್ಲಿ ಉಗುರಿನಿಂದ ಒತ್ತಿ, ಬಾಗಿಸಿ ನೋಡಿ. ಬೇಸಿಗೆಯ ಎರಿ ಹೊಲದಂತೆ ಬಿರುಕು ಕಂಡರೆ ಅದರ ಮೇಲೆ ಭರವಸೆ ಇಡಬೇಡಿ. ವಯಸ್ಸು ತಿಳಿಯಲಿಕ್ಕೆ ಮಗ್ಗುಲಿನಲ್ಲಿ ನಾಲ್ಕು ಅಂಕಿ ಇರುತ್ತವೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 3115 ಎಂದಿದ್ದರೆ 2015ನೇ ವರ್ಷದ 31ನೇ ವಾರ ತಯಾರಾದದ್ದು. ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ತೋರಿಸಬೇಕು, ಹತ್ತು ವರ್ಷಕ್ಕೆ ಚಡಿ ಇದ್ದರೂ ತೆಗೆಯಬೇಕು ಎಂದು ಟಾಯರು ಕಂಪನಿಗಳು ಸಾಮಾನ್ಯವಾಗಿ ಹೇಳುತ್ತವೆ. ಹೊಸದು ಕೊಳ್ಳುವಾಗಲೂ ಈ ಅಂಕಿ ಓದಿಯೇ ರೊಕ್ಕ ಎಣಿಸಿರಿ. ಬೀಜದ ಪಾಕೀಟಿನ ತಾರೀಖು ನೋಡುವುದಿಲ್ಲವೇ? ಡೀಸೆಲ್ ಹಚ್ಚಿ ಟಾಯರು ಮಿಂಚಿಸುವ ಚಟ ನಮ್ಮ ಹುಡುಗರಲ್ಲಿ ಐತಿ. ಡೀಸೆಲ್ ರಬ್ಬರನ್ನು ಕೆಡಿಸುತ್ತದೆ. ನೀರು ಹಾಕಿ ತೊಳೆದರೆ ಸಾಕು.

ಹೊಸ ಟಾಯರಿನಿಂದ ಎಲ್ಲಾ ಕುಲುಕಾಟ ಹೋಗುವುದಿಲ್ಲ. ಓಮ್ನಿಗೆ ಹಿಂದೆ ಪಾಟಾ ಇವೆ. ಪಾಟಾ ಒಣಗಿ ಕಿರುಗುಟ್ಟಿದರೆ, ಬುಷ್ ಸವೆದಿದ್ದರೆ, ಶಾಕ್ ಅಬ್ಸಾರ್ಬರ್ ಸತ್ತಿದ್ದರೆ ಟಾಯರಿನ ತಪ್ಪಲ್ಲ. ಗಾಡಿಯ ಮೂಲೆಯನ್ನು ಕೈಯಿಂದ ಜೋರಾಗಿ ಒತ್ತಿ ಬಿಡಿ. ಒಮ್ಮೆ ಎದ್ದು ನಿಂತರೆ ಸರಿ, ಮೂರು ನಾಲ್ಕು ಸಲ ತೂಗಾಡಿದರೆ ಶಾಕ್ ಹೋಗಿದೆ. ಸತ್ತ ಶಾಕಿನ ಮೇಲೆ ಹೊಸ ಟಾಯರು ಕುಣಿದು ಕುಣಿದು ಅಲ್ಲಲ್ಲಿ ತಟ್ಟೆ ತಟ್ಟೆಯಾಗಿ ಸವೆಯುತ್ತದೆ, ರೊಕ್ಕ ನೀರುಪಾಲು. ಟಾಯರು ಹಾಕಿಸುವ ದಿನವೇ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಮಾಡಿಸಿಬಿಡಿ. ಹಳೇ ಟಾಯರಿನ ಒಂದು ಅಂಚು ಮಾತ್ರ ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ ಎಂದೇ ತಿಳಿಯಬೇಕು. ನಡುವೆ ಸವೆದಿದ್ದರೆ ಹವಾ ಹೆಚ್ಚು ಹಾಕಿ ಓಡಿಸಿದ್ದು, ಎರಡೂ ಅಂಚು ಸವೆದಿದ್ದರೆ ಹವಾ ಕಡಿಮೆ.

ಹವಾ ನೋಡುವುದು ಬೆಳಿಗ್ಗೆ, ಗಾಡಿ ಓಡುವ ಮೊದಲು. ಓಡಿ ಕಾದ ಮೇಲೆ 4-5 ಪೌಂಡ್ ಹೆಚ್ಚು ತೋರಿಸುತ್ತದೆ. ಎಷ್ಟು ಹಾಕಬೇಕೆಂದು ಗಾಡಿಯ ಪುಸ್ತಕದಲ್ಲಿ ಬರೆದಿರುತ್ತದೆ, ಭಾರ ಹಾಕಿದಾಗ ಬೇರೆ ಅಂಕಿ. ನೈಟ್ರೋಜನ್ ಹವಾಕ್ಕೆ ಬೇರೆ ರೊಕ್ಕ ಕೇಳುತ್ತಾರೆ. ಬಿಟ್ಟಿ ಹವಾದಲ್ಲೂ ನೂರಕ್ಕೆ 78 ಪಾಲು ನೈಟ್ರೋಜನ್ನೇ ಇರುವುದು.

ಮೈಲೇಜು, ಭಾರ, ಕೊಳ್ಳುವ ಮಾತು

ಹೊಸ ಟಾಯರು ಹಾಕಿಸಿದ ಮೇಲೆ ಪೆಟ್ರೋಲು ಹೆಚ್ಚು ಕುಡೀತೈತಿ ಎನ್ನುವ ದೂರು ಸುಳ್ಳಲ್ಲ. ದಪ್ಪ ರಬ್ಬರು ಹೆಚ್ಚು ಬಾಗುತ್ತದೆ, ಉರುಳಲಿಕ್ಕೆ ಸ್ವಲ್ಪ ಹೆಚ್ಚು ಶಕ್ತಿ ಬೇಕು. ಆದರೆ ಅದರಲ್ಲಿ ಒಂದಿಷ್ಟು ಮೀಟರಿನ ಆಟ. ಓಮ್ನಿಯ ಗಾಲಿ ಅಡ್ಡಳತೆ ಸುಮಾರು 54 ಸೆ.ಮೀ. ಸುತ್ತಲೂ 6 ಮಿ.ಮೀ. ಸವೆದರೆ ಅಡ್ಡಳತೆಯಲ್ಲಿ 12 ಮಿ.ಮೀ. ಕಡಿಮೆ. ಸಣ್ಣ ಗಾಲಿ ಅದೇ ದಾರಿಗೆ ಹೆಚ್ಚು ಸುತ್ತು ತಿರುಗುತ್ತದೆ. ಮೀಟರು ಎಣಿಸುವುದು ಸುತ್ತನ್ನು. ಹಂಗಾಗಿ 100 ಕಿ.ಮೀ. ದಾರಿಗೆ ಹಳೇ ಟಾಯರು 102 ಎಂದು ತೋರಿಸುತ್ತಿತ್ತು, ಹೊಸದು 100 ಎಂದು ತೋರಿಸುತ್ತದೆ. ಮೈಲೇಜು ಇಳಿದಂತೆ ಕಂಡದ್ದರಲ್ಲಿ ಎರಡು ಪಾಲು ಹೀಗೆ ಹೋಯಿತು.

ಭಾರದ ಅಂಕಿಯನ್ನೂ ನೋಡಬೇಕು. ಸೈಜಿನ ಮುಂದೆ ಎರಡಂಕಿ ಇರುತ್ತದೆ. 74 ಎಂದರೆ ಆ ಟಾಯರು 375 ಕಿಲೋ ತಡೆಯುತ್ತದೆ, 80 ಎಂದರೆ 450 ಕಿಲೋ. ಸಣ್ಣ ಕಾರಿನ 12 ಇಂಚಿನ ಟಾಯರು ಓಮ್ನಿಯ ಡಿಸ್ಕಿಗೂ ಕೂರುತ್ತದೆ, ಅಗ್ಗವೂ ಹೌದು. ಆದರೆ ಜನ, ಚೀಲ ಏರಿಸುವ ವ್ಯಾನಿಗೆ ಅದು ಸಾಲದು. 145 ಆರ್ 12ರಲ್ಲಿ 6 ಪಿ.ಆರ್., 8 ಪಿ.ಆರ್. ಎಂದು ವ್ಯಾನಿಗೇ ಮಾಡಿದ ಗಟ್ಟಿ ಟಾಯರು ಸಿಗುತ್ತವೆ. ಅವು ಖಾಲಿ ಗಾಡಿಯಲ್ಲಿ ಸ್ವಲ್ಪ ಬಿರುಸು ಅನ್ನಿಸುತ್ತವೆ. ಸುಖ ಬೇಕೋ ಭಾರ ಬೇಕೋ ಎಂದರೆ ನಮಗೆ ಭಾರವೇ ಬೇಕು.

ಸವೆದ ಟಾಯರಿಗೆ ಚಡಿ ಕೊರೆದು ಕರೀ ಬಣ್ಣ ಬಳಿದು ಅಗ್ಗಕ್ಕೆ ಮಾರುವವರಿದ್ದಾರೆ. ಕೊರೆದಾಗ ಒಳಗಿನ ತಂತಿಯ ಮೇಲೆ ಉಳಿಯುವುದು ತೆಳು ಪದರು. ಬೆರಳು ಹಾಕಿ ನೋಡಿ, ಚಡಿಯೊಳಗೆ ದಿಬ್ಬ ಇಲ್ಲದಿದ್ದರೆ ಕೊರೆದದ್ದೆಂದೇ ತಿಳಿಯಿರಿ. ಎಷ್ಟು ಅಗ್ಗವಾದರೂ ಬೇಡ. ರೊಕ್ಕ ಸಾಲದಿದ್ದರೆ ಈ ವರ್ಷ ಎರಡು, ಮುಂದಿನ ವರ್ಷ ಎರಡು ಹೊಸದನ್ನೇ ಹಾಕಿಸಿ. ಕೊಳ್ಳುವ ಕಾಲ ಮೇ ತಿಂಗಳು, ಮಳೆಗೆ ಮೊದಲು. ಸ್ಟೆಪ್ನಿ ಮರೆಯಬೇಡಿ. ಅದಕ್ಕೂ ವಯಸ್ಸಾಗುತ್ತದೆ.

ತೆಗೆದ ಹಳೇ ಟಾಯರುಗಳ ಬಗ್ಗೆ ಒಂದು ಮಾತು. ಅಂಗಳದಲ್ಲಿ ಬಿಸಾಕಿದರೆ ಮಳೆನೀರು ನಿಂತು ಡೆಂಗಿ ಸೊಳ್ಳೆ ಮರಿ ಮಾಡುತ್ತದೆ. ಬಣವಿಯ ತಾಡಪತ್ರಿ ಹಾರದಂತೆ ಮೇಲೆ ಭಾರಕ್ಕೆ ಇಡುವ ರೂಢಿ ನಮ್ಮಲ್ಲಿದೆ. ಈಗಿನ ರೇಡಿಯಲ್ ಟಾಯರಿನೊಳಗೆ ಉಕ್ಕಿನ ಸಣ್ಣ ತಂತಿ ಇರುತ್ತದೆ. ಟಾಯರು ಹರಿದಾಗ ಆ ತಂತಿಯ ತುಂಡು ಹೊಟ್ಟು ಕಣಿಕೆಯಲ್ಲಿ ಬೆರೆತು ದನದ ಹೊಟ್ಟೆ ಸೇರಿದರೆ ಒಳಗೆ ಚುಚ್ಚಿ, ಎದೆಯವರೆಗೂ ಹೋಗಿ ದನ ಸಾಯುವುದುಂಟು. ನಮ್ಮ ನಾಲ್ಕು ಹಳೇ ಟಾಯರನ್ನು ಅಂಗಡಿಯಲ್ಲೇ ಬಿಟ್ಟು, ಹೊಸದರ ಬೆಲೆಯಲ್ಲಿ ಸ್ವಲ್ಪ ಮುರಿದುಕೊಂಡು ಬಂದೆವು. ಬಣವಿಯ ಮೇಲೆ ಕಲ್ಲು ಕಟ್ಟಿದ ಹಗ್ಗ ಹಾಕಿದ್ದೇವೆ.